ಹಳೇ ಮಿಲಿಟರಿ ಪಿಸ್ತೂಲು ಸಂಗ್ರಹ: ಮೌಸರ್, ಲ್ಯೂಗರ್, ಕೋಲ್ಟ್, ಸ್ಟೈರ್, ನಂಬು – ಯಾವುದರಿಂದ ಶುರು ಮಾಡುವುದು?

ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಒಂದೇ. "ಇವುಗಳಲ್ಲಿ ಯಾವುದು ಜಾಸ್ತಿ ಅಪರೂಪ ಹೇಳಿ, ಅದನ್ನೇ ಕೊಳ್ಳುತ್ತೇನೆ." ದುಡ್ಡು ಕಳೆದುಕೊಳ್ಳುವುದು ಇಲ್ಲಿಂದಲೇ ಶುರು.

1893ರಿಂದ ಮೊದಲ ಮಹಾಯುದ್ಧದವರೆಗಿನ ಸೆಮಿ-ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ಪಿಸ್ತೂಲುಗಳಲ್ಲಿ ಅಪರೂಪಕ್ಕೂ ಬೆಲೆಗೂ ಅಂಥ ನೆಂಟಸ್ತಿಕೆ ಏನೂ ಇಲ್ಲ. ಆಸ್ಟ್ರಿಯಾ-ಹಂಗೇರಿಯ ರೋತ್-ಸ್ಟೈರ್ ಒಟ್ಟು ತಯಾರಾದದ್ದು ಸುಮಾರು 99 ಸಾವಿರ. ಜರ್ಮನಿಯ ಲ್ಯೂಗರ್ ಲಕ್ಷಗಟ್ಟಲೆ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟರೆ ಹರಾಜಿನಲ್ಲಿ ಕೈಗಳು ಮೇಲೇಳುವುದು ಲ್ಯೂಗರ್‌ಗೇ. ಬೆಲೆ ಏರುವುದು ಎಷ್ಟು ಜನಕ್ಕೆ ಬೇಕು ಅನ್ನುವುದರ ಮೇಲೆ, ಎಷ್ಟು ತಯಾರಾಗಿವೆ ಅನ್ನುವುದರ ಮೇಲಲ್ಲ. ಹಾಗಾಗಿ ನಾನು ಅಪರೂಪವನ್ನು ಎರಡನೇ ಸಾಲಿಗೆ ತಳ್ಳುತ್ತೇನೆ. ಮೊದಲ ಸಾಲಿನಲ್ಲಿ ಬರುವುದು: ಯಾರೂ ಕೈಯಾಡಿಸಿಲ್ಲವೇ? ಭಾಗಗಳ ಮೇಲೆ ಒತ್ತಿದ ನಂಬರುಗಳು ಒಂದಕ್ಕೊಂದು ಹೊಂದುತ್ತವೆಯೇ? ಮೋಸ ಹೋಗುವ ಅವಕಾಶ ಎಷ್ಟು? ಈ ಮೂರು ಪ್ರಶ್ನೆ ಇಟ್ಟುಕೊಂಡು ಒಂದೊಂದನ್ನೂ ನೋಡೋಣ.

ಅದಕ್ಕೂ ಮುಂಚೆ ಕಾನೂನಿನ ವಿಷಯ, ಬೇಗ ಮುಗಿಸುತ್ತೇನೆ. ನೀವು ಭಾರತದಲ್ಲಿದ್ದರೆ ಇದು ಓದುವುದಕ್ಕೆ, ಮ್ಯೂಸಿಯಂನಲ್ಲಿ ನೋಡುವುದಕ್ಕೆ ಮಾತ್ರ ಅಂದುಕೊಳ್ಳಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸುದಾರರು ಎರಡಕ್ಕಿಂತ ಜಾಸ್ತಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. 9 ಎಂಎಂ ಅಂತೂ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ. "ನಮಗೆ ಕೊಡಗಿನ ವಿನಾಯಿತಿ ಇದೆಯಲ್ಲ" ಅನ್ನಬೇಡಿ, ಅದು ಕೋವಿಗೆ, ಪಿಸ್ತೂಲಿಗಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ದಾರಿ ಸುಲಭ. 1898ರ ಒಳಗೆ ತಯಾರಾದದ್ದು ಅಲ್ಲಿನ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಆಂಟಿಕ್. ಆಮೇಲಿನದಕ್ಕೆ ಸಂಗ್ರಹಕಾರರಿಗೆಂದೇ ಟೈಪ್ 03 ಅನ್ನುವ ಲೈಸೆನ್ಸ್ ಇದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಟೆಕ್ಸಾಸ್‌ನಲ್ಲಿರುವ ಗೆಳೆಯ ಹೇಳಿದ್ದನ್ನು ನ್ಯೂಜೆರ್ಸಿಯಲ್ಲಿ ಕೂತು ನಂಬಬೇಡಿ.

ಮೌಸರ್ ಸಿ96: ಎಲ್ಲರಿಗೂ ಗೊತ್ತಿರುವ ಮುಖ

ಒಬೆರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯಲ್ಲಿ ಫೀಡರ್ಲೆ ಅಣ್ಣತಮ್ಮಂದಿರು ಮಾಡಿದ ವಿನ್ಯಾಸ. 1896ರಿಂದ 1930ರ ದಶಕದವರೆಗೆ ಸುಮಾರು 10 ಲಕ್ಷ ತಯಾರಾಯಿತು. ಟ್ರಿಗರ್‌ಗೆ ಮುಂದೆ ಚೌಕಾಕಾರದ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ), ಹಿಂದೆ ಪೊರಕೆ ಹಿಡಿಯಂಥ ದುಂಡು ಹಿಡಿ. ಒಳಗಿನ ಭಾಗಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಇಡೀ ಪಿಸ್ತೂಲಿನಲ್ಲಿ ಇರುವ ಸ್ಕ್ರೂ ಒಂದೇ, ಅದೂ ಹಿಡಿಯ ಮರದ ಪಟ್ಟಿಗಳನ್ನು ಕೂರಿಸುವುದಕ್ಕೆ.

ಇದರ ಕಥೆಗಳಿಗೆ ಬರವಿಲ್ಲ. ಬೆಂಗಳೂರು ಕಂಟೋನ್ಮೆಂಟ್‌ನಲ್ಲಿ 4ನೇ ಹುಸಾರ್ಸ್ ಅನ್ನುವ ಅಶ್ವದಳದ ಅಧಿಕಾರಿಯಾಗಿದ್ದ ಚರ್ಚಿಲ್, 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ಡುರ್ಮನ್ ಯುದ್ಧದಲ್ಲಿ ಹಿಡಿದದ್ದು ಇದನ್ನೇ. ಭಾರತಕ್ಕೆ ಬಂದಿಳಿಯುವಾಗ ಬೊಂಬಾಯಿಯ ಬಂದರಿನಲ್ಲಿ ಭುಜದ ಕೀಲು ತಪ್ಪಿಸಿಕೊಂಡಿದ್ದರು, ಕತ್ತಿ ಬೀಸುವುದು ಕಷ್ಟ. ಅದಕ್ಕೇ ಪಿಸ್ತೂಲು. ನಮ್ಮ ಕಡೆಯ ಕಥೆ ಇದಕ್ಕಿಂತ ದೊಡ್ಡದು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೊಡ್ಡಾ ಕಂಪನಿಗೆ ಬಂದ ಮಾಲಿನಿಂದ 50 ಮೌಸರ್ ಪಿಸ್ತೂಲು, 46 ಸಾವಿರ ತೋಟಾಗಳನ್ನು ಬಂಗಾಳದ ಕ್ರಾಂತಿಕಾರಿಗಳು ಹಾರಿಸಿಕೊಂಡು ಹೋದರು. ಬ್ರಿಟಿಷ್ ಸರ್ಕಾರ ನೇಮಿಸಿದ್ದ ಸೆಡಿಷನ್ (ರಾಜದ್ರೋಹ) ಸಮಿತಿಯ 1918ರ ವರದಿ ಬರುವ ಹೊತ್ತಿಗೆ ಪೊಲೀಸರಿಗೆ ವಾಪಸ್ ಸಿಕ್ಕಿದ್ದು 31. ಕಂಪನಿಯ ಬಳಿ ನಂಬರುಗಳ ದಾಖಲೆ ಇತ್ತು. ಹಾಗಾಗಿ ಯಾರಾದರೂ "ಇದು ರೊಡ್ಡಾ ಮೌಸರ್ ಸಾರ್" ಅಂತ ತೋರಿಸಿದರೆ ಕಥೆ ಕೇಳುತ್ತಾ ಕೂರಬೇಡಿ, ನಂಬರಿಗೆ ದಾಖಲೆ ಕೇಳಿ.

ಸಂಗ್ರಹದ ದೃಷ್ಟಿಯಿಂದ ಮೌಸರ್‌ನಲ್ಲಿ ಮೂರು ಮಿಲಿಟರಿ ಆರ್ಡರ್‌ಗಳು ಮುಖ್ಯ. ತುರ್ಕಿಯ ಸುಲ್ತಾನನಿಗೆ ಹೋದ ಸಾವಿರ, 1897ರ ಸುಮಾರಿನವು, ಕೋನ್ ಆಕಾರದ ಹ್ಯಾಮರ್. ಇವು ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಇಟಲಿ ನೌಕಾಪಡೆ 1899ರಲ್ಲಿ ತರಿಸಿಕೊಂಡ 5,000. ಇವುಗಳ ಬದಿ ಪೂರ್ತಿ ಚಪ್ಪಟೆ, ಬೇರೆ ಮೌಸರ್‌ಗಳಲ್ಲಿ ಕಾಣುವ ಕೊರೆದ ಚೌಕಗಳಿಲ್ಲ. ಮೂರನೆಯದು 1916ರಲ್ಲಿ ಜರ್ಮನಿಯ ಪ್ರಷ್ಯಾ ಸೇನೆ ಕೊಟ್ಟ ಒಂದೂವರೆ ಲಕ್ಷದ ಆರ್ಡರ್. 7.63ರ ಬದಲು 9 ಎಂಎಂ ಗುಂಡು. ಸೈನಿಕರು ಗುಂಡು ಅದಲುಬದಲು ಮಾಡದಿರಲಿ ಅಂತ ಹಿಡಿಯ ಮರದಲ್ಲಿ ದೊಡ್ಡದಾಗಿ 9 ಕೊರೆದು ಕೆಂಪು ಬಣ್ಣ ತುಂಬಿದರು. 'ರೆಡ್ ನೈನ್' ಅನ್ನುವ ಹೆಸರು ಬಂದದ್ದು ಹಾಗೆ.

ಈಗ ಸಮಸ್ಯೆ ನೋಡಿ. ಮರದ ಮೇಲೆ 9 ಕೊರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಅದೂ ಅಲ್ಲದೆ, ಚೀನಾದಿಂದ ಅಮೆರಿಕಕ್ಕೆ ಮೂಟೆಗಟ್ಟಲೆ ವಾಪಸ್ ಬಂದ ಸವೆದ ಮೌಸರ್‌ಗಳ ನಳಿಗೆಯನ್ನು ಮತ್ತೆ ಕೊರೆದು 9 ಎಂಎಂ ಮಾಡಿದ್ದು ಬೇಕಾದಷ್ಟಿದೆ. ಹಾಗಾಗಿ ಹಿಡಿ ನೋಡಬೇಡಿ, ಹಿಂದಿನ ಗುರಿಪಟ್ಟಿ ನೋಡಿ. ಪ್ರಷ್ಯಾ ಆರ್ಡರಿನದರಲ್ಲಿ ದೂರದ ಅಂಕಿ 500 ಮೀಟರಿಗೆ ನಿಲ್ಲುತ್ತದೆ. ಮಾರುಕಟ್ಟೆಗೆ ಬಿಟ್ಟ ಸಾಮಾನ್ಯ ಮೌಸರ್‌ನಲ್ಲಿ 1000ದವರೆಗೂ ಇರುತ್ತದೆ. 1000 ಅಂತ ಬರೆದಿದ್ದು ಹಿಡಿಯಲ್ಲಿ ಕೆಂಪು 9 ಇದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಶುರು ಮಾಡುವವರಿಗೆ ಮೌಸರ್ ಒಳ್ಳೆಯದೇ? ನನ್ನ ಪ್ರಕಾರ ಅಷ್ಟೇನೂ ಅಲ್ಲ. ಬಗೆಗಳು ವಿಪರೀತ, ಕೈಯಾಡಿಸಿದವು ಅದಕ್ಕಿಂತ ವಿಪರೀತ. ಮರದ ಹೋಲ್‌ಸ್ಟರ್ ಜೊತೆಗಿದ್ದರೆ ಬೆಲೆ ಜಿಗಿಯುತ್ತದೆ, ಅದಕ್ಕೇ ಹೊಸ ಹೋಲ್‌ಸ್ಟರ್ ಮಾಡಿ ಹಳೆಯದೆಂದು ಮಾರುವವರೂ ಇದ್ದಾರೆ.

ಲ್ಯೂಗರ್: ನಂಬರುಗಳ ಲೋಕ

ಇದರ ಅಪ್ಪ ಬೋರ್ಚಾರ್ಟ್ ಸಿ93. ಹ್ಯೂಗೋ ಬೋರ್ಚಾರ್ಟ್ 1893ರಲ್ಲಿ ಮಾಡಿದ್ದು, ಬರ್ಲಿನ್‌ನ ಲೂಡ್ವಿಗ್ ಲೋವೆ ಕಂಪನಿ, ಆಮೇಲೆ ಡಿಡಬ್ಲ್ಯುಎಂ ಅನ್ನುವ ಜರ್ಮನ್ ಕಂಪನಿ ತಯಾರಿಸಿದ್ದು, ಒಟ್ಟು 3,000ದ ಆಸುಪಾಸು. ಸೇನೆಗಳು ಪರೀಕ್ಷೆ ಮಾಡಿದವು, ಒಪ್ಪಲಿಲ್ಲ. ಸ್ಪ್ರಿಂಗಿನ ಡಬ್ಬಿ ಹಿಂದಕ್ಕೆ ಚಾಚಿಕೊಂಡಿದ್ದು, ಕೈಯಲ್ಲಿ ಹಿಡಿದರೆ ಭಾರವೆಲ್ಲ ಹಿಂದೆ. ಗೇಯಾರ್ಗ್ ಲ್ಯೂಗರ್ ಅದನ್ನೇ ತಿದ್ದಿ ಚೊಕ್ಕ ಮಾಡಿದರು. 1900ರಲ್ಲಿ ಸ್ವಿಟ್ಜರ್ಲೆಂಡ್ ಸೇನೆ ಒಪ್ಪಿಕೊಂಡಿತು. 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಜರ್ಮನ್ ಸೇನೆ.

ಲ್ಯೂಗರ್‌ನ ಸುಖ ಏನೆಂದರೆ, ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. P08 (ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡ ಮಾದರಿ) ಕೈಗೆ ತಗೊಂಡು ಬಲ್ಬಿನ ಕೆಳಗೆ ನಿಧಾನಕ್ಕೆ ತಿರುಗಿಸಿ. ಮೇಲೆ ಇಸವಿ, ಸೇನೆ ಪಡೆದದ್ದಾದರೆ. ಟಾಗಲ್ (ಮೇಲೆ ಮಂಡಿಯಂತೆ ಮಡಿಚಿಕೊಳ್ಳುವ ಭಾಗ) ಮೇಲೆ ತಯಾರಕರ ಗುರುತು. ಫ್ರೇಮ್ (ಹಿಡಿ ಇರುವ ಕೆಳಗಿನ ಚೌಕಟ್ಟು), ರಿಸೀವರ್ (ನಳಿಗೆ ಕೂರುವ ಮೇಲಿನ ಭಾಗ), ನಳಿಗೆಯ ಮೇಲೆ ಪೂರ್ತಿ ನಂಬರ್. ಆಮೇಲೆ ಸಣ್ಣ ಸಣ್ಣ ಭಾಗಗಳ ಮೇಲೆಲ್ಲ ಅದೇ ನಂಬರಿನ ಕೊನೆಯ ಎರಡಂಕಿ: ಸೇಫ್ಟಿ, ಟ್ರಿಗರ್, ಬದಿಯ ತಗಡು. ಮರದ ಹಿಡಿ ಬಿಚ್ಚಿದರೆ ಅದರ ಒಳಮೈಯಲ್ಲೂ. ಸೈನಿಕನಿಗೆ ಎರಡು ಮ್ಯಾಗಜಿನ್ ಕೊಡುತ್ತಿದ್ದರು, ಒಂದು ಪಿಸ್ತೂಲಿನಲ್ಲಿ, ಇನ್ನೊಂದು ಹೋಲ್‌ಸ್ಟರಿನ ಕಿಸೆಯಲ್ಲಿ. ಎರಡರ ಮರದ ತಳದ ಮೇಲೂ ಪಿಸ್ತೂಲಿನ ನಂಬರೇ, ಎರಡನೆಯದಕ್ಕೆ ಜೊತೆಯಲ್ಲೊಂದು + ಗುರುತು. ನೂರು ವರ್ಷ ಕಳೆದ ಮೇಲೂ ಎರಡೂ ಮ್ಯಾಗಜಿನ್ ಜೊತೆಗೇ ಉಳಿದಿರುವ P08 ಸಿಕ್ಕರೆ ಅದೇ ನಿಜವಾದ ಅಪರೂಪ. ಸಾಮಾನ್ಯ 1916ರ P08 ಆದರೂ ಪರವಾಗಿಲ್ಲ, ಪಿಸ್ತೂಲು, ಅದರ ಎರಡು ಮ್ಯಾಗಜಿನ್ ಮೂರೂ ಒಟ್ಟಿಗಿದ್ದರೆ ನಾನು ಅದನ್ನೇ ತಗೊಳ್ಳುತ್ತೇನೆ.

ಬಗೆಗಳ ಪೈಕಿ 200 ಎಂಎಂ ನಳಿಗೆಯ ಆರ್ಟಿಲರಿ, 150 ಎಂಎಂನ ನೌಕಾಪಡೆಯದು, ಹದ್ದಿನ ಗುರುತಿನ ಅಮೆರಿಕನ್ ಈಗಲ್, ಶಿಲುಬೆ ಗುರುತಿನ ಸ್ವಿಸ್. ಮೊದಲೆರಡರಲ್ಲಿ ಮೋಸ ಸುಲಭ, ಸಾಮಾನ್ಯ P08ಗೆ ಉದ್ದನೆ ನಳಿಗೆ ಸಿಕ್ಕಿಸಿದರಾಯಿತು. ನಳಿಗೆಯ ನಂಬರು ರಿಸೀವರಿಗೆ ಹೊಂದುತ್ತದೆಯೇ ಅಂತ ಮೊದಲು ನೋಡಿ. ಅಮೆರಿಕನ್ ಈಗಲ್ ವಿಷಯದಲ್ಲಿ ಬೇರೆ ಗೊಂದಲ. ಅಮೆರಿಕದ ಸೇನೆ 1901ರಲ್ಲಿ ಪರೀಕ್ಷೆಗೆ 1,000 ತರಿಸಿತ್ತು, ನಿಜ. ಆದರೆ ಅಂಗಡಿಯಲ್ಲಿ ಮಾರಿದ ಲ್ಯೂಗರ್ ಮೇಲೂ ಅದೇ ಹದ್ದು ಇತ್ತು. ಹದ್ದು ಕಂಡ ಮಾತ್ರಕ್ಕೆ ಸೇನೆಯದು ಅಂತ ಅಲ್ಲ.

ನನ್ನ ಮೆಚ್ಚುಗೆ ಸ್ವಿಸ್ ಲ್ಯೂಗರ್‌ಗೆ. 7.65 ಎಂಎಂ, ಹಿಡಿಯ ಹಿಂದೆ ಗ್ರಿಪ್ ಸೇಫ್ಟಿ (ಅಂಗೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಗುಂಡು ಹಾರಲು ಬಿಡುವ ತಡೆ), ತೆಳ್ಳಗಿನ ನಳಿಗೆ. ಯುದ್ಧದ ಕೆಸರು ಕಾಣದ ದೇಶವಾದ್ದರಿಂದ ಸ್ಥಿತಿ ಚೆನ್ನಾಗಿರುತ್ತದೆ. ಜರ್ಮನ್ ಲ್ಯೂಗರ್ ಹಿಂದೆ ಬಿದ್ದವರು ಇದನ್ನು ನೋಡುವುದೇ ಇಲ್ಲ, ಅದು ನಿಮ್ಮ ಲಾಭ.

ಕೋಲ್ಟ್: ಕಾಗದ ಇದ್ದವನೇ ಗೆದ್ದ

ಜಾನ್ ಬ್ರೌನಿಂಗ್ ವಿನ್ಯಾಸ. 1900ರ ಮಾದರಿ .38 (ಗುಂಡಿನ ಅಳತೆ ಇಂಚಿನಲ್ಲಿ), ಒಟ್ಟು 4 ಸಾವಿರದ ಚಿಲ್ಲರೆ. ಅದರಲ್ಲಿ ಹಿಂದಿನ ಗುರಿಯನ್ನೇ ಕೆಳಕ್ಕೆ ಒತ್ತಿದರೆ ಸೇಫ್ಟಿ ಆಗುವ ವಿಚಿತ್ರ ಏರ್ಪಾಡು. ಆಮೇಲೆ ಬಹಳಷ್ಟನ್ನು ಬದಲಾಯಿಸಿಬಿಟ್ಟರು, ಹಾಗಾಗಿ ಮೂಲದಂತೆ ಉಳಿದದ್ದಕ್ಕೆ ಬೆಲೆ ಬೇರೆಯೇ. ಮುಂದೆ 1905ರಲ್ಲಿ .45, 1907ರಲ್ಲಿ ಸೇನೆಯ ಪರೀಕ್ಷೆಗೆ 200. 1911ರ ಮಾರ್ಚ್‌ನಲ್ಲಿ ಕೊನೆಯ ಪರೀಕ್ಷೆ: 6,000 ಸುತ್ತು. ಕೋಲ್ಟ್ ಒಮ್ಮೆಯೂ ತಡವರಿಸಲಿಲ್ಲ, ಎದುರಾಳಿ ಸ್ಯಾವೇಜ್ 37 ಸಲ ಕೈಕೊಟ್ಟಿತು. ಮಾರ್ಚ್ 29ರಂದು 1911 ಮಾದರಿ ಸೇನೆಗೆ ಸೇರಿತು.

ಸೋತ ಆ ಸ್ಯಾವೇಜ್ .45 ಈಗ ಗೆದ್ದ ಕೋಲ್ಟ್‌ಗಿಂತ ಎಷ್ಟೋ ಪಟ್ಟು ಅಪರೂಪ. ಸೇನೆ ಪರೀಕ್ಷೆ ಮುಗಿಸಿ ಮಾರಿತು, ಕಂಪನಿಯೇ ವಾಪಸ್ ಕೊಂಡು ಹೊಸ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಪ್ಪು-ನೀಲಿ ಬಣ್ಣ) ಹಾಕಿ ಮತ್ತೆ ಮಾರಿತು. ಅಂದರೆ ಸ್ಯಾವೇಜ್‌ನಲ್ಲಿ 'ಮರು ಬ್ಲೂಯಿಂಗ್ ಆಗಿದೆ' ಅಂತ ಮುಖ ಸಿಂಡರಿಸಬೇಕಿಲ್ಲ, ಅದೇ ಅದರ ಚರಿತ್ರೆ. ಬೇರೆ ಯಾವುದಕ್ಕೂ ಈ ರಿಯಾಯಿತಿ ಕೊಡಬೇಡಿ.

ಕೋಲ್ಟ್‌ನ ದೊಡ್ಡ ಅನುಕೂಲ ದಾಖಲೆ. ನಂಬರ್ ಕೊಟ್ಟು ಹಣ ಕಟ್ಟಿದರೆ ಕಂಪನಿಯ ಆರ್ಕೈವ್‌ನಿಂದ ಯಾವತ್ತು, ಯಾರಿಗೆ ಕಳಿಸಿದ್ದು ಅನ್ನುವ ಪತ್ರ ಬರುತ್ತದೆ. ಹೀಗಾಗಿ ಮೋಸದ ಭಯ ಸ್ವಲ್ಪ ಕಮ್ಮಿ. ಆದರೆ ನೆನಪಿರಲಿ, ಪತ್ರ ಹೇಳುವುದು ಆ ನಂಬರಿನ ಬಗ್ಗೆ. ನಿಮ್ಮ ಕೈಯಲ್ಲಿರುವ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಮೂಲದ್ದೇ, ನಳಿಗೆ ಮೂಲದ್ದೇ ಅಂತ ಅದು ಹೇಳುವುದಿಲ್ಲ. 1911ಗೆ ಲ್ಯೂಗರ್ ತರಹ ಪ್ರತಿ ಭಾಗಕ್ಕೂ ನಂಬರಿಲ್ಲ. ಸೇನೆಯ ರಿಪೇರಿ ಡಿಪೋಗಳಲ್ಲಿ ಹತ್ತಾರು ಪಿಸ್ತೂಲು ಒಟ್ಟಿಗೆ ಬಿಚ್ಚಿ, ಕೈಗೆ ಸಿಕ್ಕ ಭಾಗ ಹಾಕಿ ಮುಚ್ಚುತ್ತಿದ್ದರು. 1918ರ ಫ್ರೇಮ್, 1940ರ ದಶಕದ ಸ್ಲೈಡ್ ಸರ್ವೇಸಾಮಾನ್ಯ. ಮೊದಲ ವರ್ಷಗಳ 1911 ಬೇಕಾದರೆ ತಳದಲ್ಲಿ ಸಣ್ಣ ಬಳೆ ಇರುವ ಮ್ಯಾಗಜಿನ್ ಜೊತೆಗಿದೆಯೇ ನೋಡಿ. ಮೊದಲು ಅದಕ್ಕೆ ಹಗ್ಗ ಕಟ್ಟುತ್ತಿದ್ದರು, ಆಮೇಲೆ ಬಳೆ ಬಿಟ್ಟರು.

ಕೆನಡಾದ ಕ್ವಿಬೆಕ್‌ನಲ್ಲಿ ನಾರ್ತ್ ಅಮೆರಿಕನ್ ಆರ್ಮ್ಸ್ ಅನ್ನುವ ಕಂಪನಿ 1918ರಲ್ಲಿ 1911 ಮಾಡಲು ಹೊರಟಿತ್ತು. ಯುದ್ಧ ಮುಗಿದು ಆರ್ಡರ್ ರದ್ದಾಯಿತು, ಆದದ್ದು ಸುಮಾರು ನೂರು. ಅಂಥದ್ದು "ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು" ಅಂತ ಬಂದರೆ ಎರಡು ಕೈ ಜೇಬಿನಲ್ಲೇ ಇರಲಿ.

ಕೋಲ್ಟ್ ಹೆಸರು ಬಂದಾಗ ನಮ್ಮವರಿಗೆ ಚಂದ್ರಶೇಖರ್ ಆಜಾದ್ ನೆನಪಾಗುತ್ತಾರೆ, ಅಲ್ವಾ. ಅವರ ಕೋಲ್ಟ್ ಅಲಹಾಬಾದ್ ಮ್ಯೂಸಿಯಂನಲ್ಲಿದೆ. ಅದು 1903ರ ಪಾಕೆಟ್ ಮಾದರಿ, .32, ಸೇನೆಯ 1911 ಅಲ್ಲ.

ಆಸ್ಟ್ರಿಯಾದವು: ನನ್ನ ಓಟು ಇಲ್ಲಿಗೆ

ಹೊಸಬರು ಹೆಚ್ಚಾಗಿ ಇವನ್ನು ದಾಟಿ ಹೋಗುತ್ತಾರೆ. ತಪ್ಪು.

ರೋತ್-ಸ್ಟೈರ್ 1907 ನೋಡುವುದಕ್ಕೆ ಅಂಥ ಚೆಲುವೇನಲ್ಲ. ಆದರೆ ಯೋಚನೆ ನೋಡಿ. ಇದು ಅಶ್ವದಳಕ್ಕೆ ಮಾಡಿದ್ದು. ಕುದುರೆ ಬೆದರಿ ಹಾರಿದಾಗ ಸವಾರನ ಕೈಯಲ್ಲಿ ಗುಂಡು ಹಾರಬಾರದು. ಅದಕ್ಕೆ ಒಳಗಿನ ಸ್ಟ್ರೈಕರ್ (ತೋಟಾಗೆ ಬಡಿಯುವ ಸೂಜಿ) ಅರ್ಧ ಮಾತ್ರ ಎಳೆದು ನಿಂತಿರುತ್ತದೆ, ಉಳಿದರ್ಧವನ್ನು ಟ್ರಿಗರ್ ಎಳೆಯುವಾಗ ಬೆರಳೇ ಎಳೆಯಬೇಕು. ಬೇರೆ ಸೇಫ್ಟಿ ಇಲ್ಲವೇ ಇಲ್ಲ. ಈ ಉಪಾಯ ಮುಂದೆ ಎಷ್ಟೋ ದಶಕಗಳ ನಂತರ ಪ್ಲಾಸ್ಟಿಕ್ ಪಿಸ್ತೂಲುಗಳ ಕಾಲದಲ್ಲಿ ಆಸ್ಟ್ರಿಯಾದಿಂದಲೇ ಮತ್ತೆ ಬಂತು, ಅದು ಬೇರೆ ಮಾತು. ದೊಡ್ಡ ಸಾಮ್ರಾಜ್ಯವೊಂದರ ಭೂಸೇನೆ ಒಪ್ಪಿಕೊಂಡ ಮೊದಲ ಸೆಮಿ-ಆಟೊಮ್ಯಾಟಿಕ್ ಇದು. ಹಿಡಿಯ ಪಕ್ಕದಲ್ಲಿ ಸಣ್ಣ ಲೋಹದ ಬಿಲ್ಲೆ ಇರುತ್ತದೆ, ಅದರ ಮೇಲೆ ಯಾವ ರೆಜಿಮೆಂಟು ಅಂತ ಒತ್ತಿರುತ್ತಾರೆ. ಡ್ರಾಗೂನ್, ಹುಸಾರ್, ಉಹ್ಲಾನ್, ಯಾವ ಬಗೆಯ ಅಶ್ವದಳವೇ ಇರಲಿ, ಆ ರೆಜಿಮೆಂಟಿನ ಚರಿತ್ರೆ ಹುಡುಕಿಕೊಂಡು ಹೋಗುವುದರಲ್ಲಿ ಪಿಸ್ತೂಲಿಗಿಂತ ಜಾಸ್ತಿ ಮಜಾ ಇದೆ. ಬಿಲ್ಲೆ ಖಾಲಿ ಇದ್ದರೆ ಬೆಲೆ ಕಮ್ಮಿ ಕೇಳಿ.

ಇನ್ನೊಂದು, 1912ರ ಸ್ಟೈರ್-ಹಾನ್. ಗಟ್ಟಿಮುಟ್ಟು, ಸಂಖ್ಯೆ ಜಾಸ್ತಿ, ಬೆಲೆ ನ್ಯಾಯವಾದದ್ದು. ಚಿಲಿ ದೇಶದ ಲಾಂಛನ ಇರುವುದು, ರೊಮೇನಿಯಾದ ಕಿರೀಟ ಇರುವುದು ಬೇರೆ ಬಗೆ. ಸ್ಲೈಡ್ ಮೇಲೆ 08 ಅಂತ ಒತ್ತಿದ್ದರೆ, 1938ರಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ 9 ಎಂಎಂ ಪ್ಯಾರಾಬೆಲಮ್‌ಗೆ ಬದಲಾಯಿಸಿದ್ದು ಅಂತ ಅರ್ಥ.

ಮೂರನೆಯದು 1905ರ ಮಾನ್‌ಲಿಷರ್, ಅರ್ಜೆಂಟೀನಾ ಸೇನೆಗೆ ಹೋದದ್ದು. ಇಡೀ ಕಾಲಘಟ್ಟದಲ್ಲಿ ಇಷ್ಟು ತೆಳ್ಳನೆಯ, ಅಂದದ ಪಿಸ್ತೂಲು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮಾರುವ ಮುಂಚೆ ಹೆಚ್ಚಿನವುಗಳ ಮೇಲಿನ ಅರ್ಜೆಂಟೀನಾ ಲಾಂಛನವನ್ನು ಅರೆದು ತೆಗೆದಿದ್ದಾರೆ. ಅರೆದ ಜಾಗ ನೋಡಿ ಬೇಸರ ಪಡಬೇಡಿ. ಅದೊಂದು ಬಿಟ್ಟರೆ ಉಳಿದದ್ದು ಹೊಸದರಂತೆ ಇರುವವು ಇನ್ನೂ ಸಿಗುತ್ತವೆ. ಲಾಂಛನ ಉಳಿದದ್ದಕ್ಕೆ ಜಾಸ್ತಿ ಕೊಡಬೇಕು, ಅದು ನಿಮ್ಮ ಜೇಬಿಗೆ ಬಿಟ್ಟದ್ದು.

ಯಾಕೆ ಇವುಗಳಿಂದ ಶುರು ಮಾಡಿ ಅನ್ನುತ್ತೇನೆ ಗೊತ್ತಾ? ಈ ಮೂರರಲ್ಲೂ ಕಳಚುವ ಮ್ಯಾಗಜಿನ್ ಇಲ್ಲ. ಬೋಲ್ಟ್ ಹಿಂದಕ್ಕೆ ಎಳೆದು, ಮೇಲಿಂದ ತೋಟಾಗಳನ್ನು ಸಾಲಾಗಿ ಹಿಡಿದ ಕ್ಲಿಪ್ ಇಟ್ಟು, ಹೆಬ್ಬೆರಳಿನಲ್ಲಿ ಒತ್ತಿ ತೋಟಾಗಳನ್ನು ಹಿಡಿಯೊಳಗೆ ಇಳಿಸಬೇಕು. ಯುದ್ಧದಲ್ಲಿ ಅದು ಕಿರಿಕಿರಿಯೇ. ಆದರೆ ಸಂಗ್ರಹಕಾರನಿಗೆ ವರ. ಕಳೆದುಹೋದ ಮ್ಯಾಗಜಿನ್ ಇಲ್ಲ, ನಂಬರು ಹೊಂದದ ಮ್ಯಾಗಜಿನ್ ಇಲ್ಲ, ನಕಲಿ ಮ್ಯಾಗಜಿನ್ ಇಲ್ಲ. ಬೆಲೆ ಕಮ್ಮಿ ಇರುವುದರಿಂದ ನಕಲು ಮಾಡುವವರಿಗೂ ಇದರ ಮೇಲೆ ಆಸಕ್ತಿ ಕಮ್ಮಿ.

ನಂಬು ಮತ್ತು ಉಳಿದವರು

ಜಪಾನಿನ ನಂಬು ಕಿಜಿರೋ 1902ರಲ್ಲಿ ಮಾಡಿದ ಮೊದಲ ಮಾದರಿಗೆ ಸಂಗ್ರಹಕಾರರು ಇಟ್ಟ ಹೆಸರು 'ಅಜ್ಜ ನಂಬು'. ಸುಮಾರು 2,400. ಟ್ರಿಗರಿನ ಬಳೆ ಚಿಕ್ಕದು, ಮ್ಯಾಗಜಿನ್ ತಳ ಮರದ್ದು. ಅದನ್ನು ಸುಧಾರಿಸಿದ್ದು 'ಅಪ್ಪ', ಚಿಕ್ಕ 7 ಎಂಎಂನದು 'ಮಗು', ಇದು 6,500ರ ಆಸುಪಾಸು. ಮೂರೂ ಚೆಂದ, ಮೂರೂ ದುಬಾರಿ. ಮೊದಲ ಖರೀದಿಗೆ ಬೇಡ.

ಬ್ರಿಟಿಷ್ ನೌಕಾಪಡೆಯ ವೆಬ್ಲಿ-ಸ್ಕಾಟ್ .455 ಇಟ್ಟಿಗೆಯಂಥ ಪಿಸ್ತೂಲು, ನನಗಿಷ್ಟ. ಅದರ ತೋಟಾ .455 ರಿವಾಲ್ವರಿನೊಳಗೂ ಕೂರುತ್ತದೆ, ಆದರೆ ಒತ್ತಡ ತುಂಬಾ ಜಾಸ್ತಿ, ಅಪಾಯ. ಇಟಲಿಯ ಗ್ಲಿಸೆಂಟಿ 1910ರ ಕಥೆಯೂ ಹೀಗೇ. 9 ಎಂಎಂ ಪ್ಯಾರಾಬೆಲಮ್ ಅದರಲ್ಲಿ ಸರಿಯಾಗಿ ಕೂರುತ್ತದೆ, ಅದು ಮಾತ್ರ ಅಷ್ಟು ಬಲದ ಗುಂಡಿಗೆ ಮಾಡಿದ್ದೇ ಅಲ್ಲ. ಡೆನ್ಮಾರ್ಕ್ ಸೇನೆಯ ಬೆರ್ಗ್‌ಮನ್-ಬೇಯಾರ್ಡ್ 1910 ಒಳ್ಳೆಯ ಮಧ್ಯಮ ಆಯ್ಕೆ. ಬ್ರಿಟನ್ನಿನ ಮಾರ್ಸ್ ಸುಮಾರು 80 ಮಾತ್ರ, ಅದನ್ನು ಹರಾಜಿನ ಕ್ಯಾಟಲಾಗಿನಲ್ಲಿ ನೋಡಿ ಸಂತೋಷಪಟ್ಟರೆ ಸಾಕು.

ಕೊಳ್ಳುವ ಮುಂಚೆ ಕಣ್ಣಿಗೆ ಕೆಲಸ

ಮರು ಬ್ಲೂಯಿಂಗ್ ಗುರುತಿಸುವುದು ಕಲಿಯದೆ ಒಂದು ರೂಪಾಯಿಯೂ ಬಿಚ್ಚಬೇಡಿ. ಮೂಲ ಪಿಸ್ತೂಲಿನ ಅಂಚುಗಳು ಚೂಪು, ಒತ್ತಿದ ಅಕ್ಷರಗಳ ಬಾಯಿ ಸ್ಪಷ್ಟ. ಪಾಲಿಶ್ ಮಾಡಿದ್ದರೆ ಅಂಚು ದುಂಡಗಾಗಿರುತ್ತದೆ, ಅಕ್ಷರ ಮಸುಕು, ಸ್ಕ್ರೂ ಮತ್ತು ಪಿನ್ನುಗಳ ತೂತಿನ ಸುತ್ತ ಸಣ್ಣ ತಗ್ಗು. ಕಪ್ಪಗೆ ಮಿರಿಮಿರಿ ಹೊಳೆಯುವ ಬ್ಲೂಯಿಂಗ್ ಕೆಳಗೆ ತುಕ್ಕು ತಿಂದ ಗುಳಿ ಕಂಡರೆ ಇನ್ನೇನೂ ಕೇಳಬೇಕಿಲ್ಲ, ತುಕ್ಕು ಮೊದಲು ಬಂದಿದೆ, ಬಣ್ಣ ಆಮೇಲೆ. ಹಳೇ ಲ್ಯೂಗರ್‌ನಲ್ಲಿ ಟ್ರಿಗರ್, ಸೇಫ್ಟಿ ಮುಂತಾದ ಸಣ್ಣ ಭಾಗಗಳು ಒಣಹುಲ್ಲಿನ ಹಳದಿ ಬಣ್ಣದಲ್ಲಿರಬೇಕು. ಅವೂ ನೀಲಿಯಾಗಿದ್ದರೆ ಯಾರೋ ಇಡೀ ಪಿಸ್ತೂಲನ್ನು ಬಣ್ಣದಲ್ಲಿ ಅದ್ದಿದ್ದಾರೆ.

ಫೋಟೋ ನೋಡಿ ಕೊಳ್ಳುವವರು ಮಾರುವವರಿಂದ ಪಕ್ಕದಿಂದ ಬಿದ್ದ ಬೆಳಕಿನಲ್ಲಿ ತೆಗೆದ ಚಿತ್ರ ಕೇಳಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಏನೂ ಕಾಣುವುದಿಲ್ಲ, ಕೆಲವರು ಅದಕ್ಕೇ ಹೊಡೆಯುತ್ತಾರೆ. 1968ರ ನಂತರ ಅಮೆರಿಕಕ್ಕೆ ಆಮದಾದದ್ದರ ಮೇಲೆ ಆಮದುದಾರರ ಗುರುತು ಇರುತ್ತದೆ, ಅದು ಬೆಲೆ ಇಳಿಸುತ್ತದೆ. ನಿಮಗೆ ಮಾರುವ ಯೋಚನೆ ಇಲ್ಲದಿದ್ದರೆ ಕಮ್ಮಿ ಬೆಲೆಗೆ ಒಳ್ಳೆಯ ಮಾಲು ಸಿಗುವ ಜಾಗವೂ ಅದೇ.

ಗುಂಡು ಹಾರಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಮೌಸರ್‌ನಲ್ಲಿ ಬೋಲ್ಟ್ ತಡೆಯುವ ಸಣ್ಣ ತುಂಡು ಸವೆದು ಮುರಿದರೆ ಬೋಲ್ಟ್ ಮುಖಕ್ಕೇ ಬರುತ್ತದೆ. ಅದರಲ್ಲಿ 7.62 ಟೋಕರೆವ್ ತೋಟಾ ಹಾಕುವವರೂ ಇದ್ದಾರೆ, ಅಳತೆ ಸರಿ ಹೋಗುತ್ತದೆ ಅಂತ. ಅದು ಜಾಸ್ತಿ ಬಲದ್ದು. ಲ್ಯೂಗರ್‌ನಲ್ಲಿ ನಂಬರಿರುವ ಒಂದು ಸಣ್ಣ ಭಾಗ ಮುರಿದರೂ ಪಿಸ್ತೂಲಿನ ಅರ್ಧ ಬೆಲೆ ಅಲ್ಲೇ ಹೋಯಿತು.

ನನ್ನನ್ನು ಕೇಳಿದರೆ ಹೀಗೆ: ಕೈಯಲ್ಲಿ ಕಮ್ಮಿ ದುಡ್ಡಿದ್ದರೆ ಸ್ಟೈರ್-ಹಾನ್, ಸ್ವಲ್ಪ ಜಾಸ್ತಿಯಿದ್ದರೆ ಬಿಲ್ಲೆ ಇರುವ ರೋತ್-ಸ್ಟೈರ್ ಅಥವಾ ಮಾನ್‌ಲಿಷರ್ 1905. ವರ್ಷ ಎರಡು ವರ್ಷ ಕಣ್ಣು ಪಳಗಿದ ಮೇಲೆ ನಂಬರೆಲ್ಲ ಹೊಂದುವ P08 ಅಥವಾ ಸ್ವಿಸ್ ಲ್ಯೂಗರ್. ಕಾಗದ ಓದುವುದು ಇಷ್ಟವಿದ್ದರೆ ಕೋಲ್ಟ್. ಮೌಸರ್ ಕೊನೆಗೆ. ಅದನ್ನು ಕೊಳ್ಳಲು ಹೋಗುವಾಗ ಮೌಸರ್ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಊಟ ಕೊಡಿಸಿದರೂ ಲಾಭವೇ.